ಚೊಗರು ಹಾಕಿದ ಕಾರು

ನಮ್ಮ ನಲ್ಲೂರು ಕಡೆ ಅಡಿಕೆ ಕೊಳ್ಳೋಕೆ ಬರೋರು ಮೊದಲು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಬಣ್ಣ ನೋಡ್ತಾರೆ. ಅಷ್ಟಕ್ಕೇ ಬಿಡೋದಿಲ್ಲ. ಎರಡು ಅಡಿಕೆ ಅಡಕತ್ತರಿಗೆ ಕೊಟ್ಟು ಒಡೆದು ಒಳಗೂ ನೋಡ್ತಾರೆ. ಯಾಕಂದ್ರೆ ಆ ಕೆಂಪು ಹೊರಗಿಂದ ಬಂದದ್ದು. ಹಸಿ ಅಡಿಕೆ ಸುಲಿದು, ಬೇಯಿಸಿ, ಬೇಯಿಸಿದ ನೀರೇ ಗಟ್ಟಿಯಾಗಿ ಆದ ಚೊಗರನ್ನು ಬಳಿದು ಒಣಗಿಸಿದರೆ ಸಾಧಾರಣ ಅಡಿಕೆಗೂ ಹೊಳಪು ಬರುತ್ತೆ. ಚೊಗರು ಮೋಸ ಅಲ್ಲ, ತಲೆತಲಾಂತರದ ಪದ್ಧತಿ. ಆದರೆ ಬರೀ ಚೊಗರು ನೋಡಿ ದರ ಕಟ್ಟುವವನು ಒಂದೇ ಸೀಸನ್ನಿಗೆ ಅಂಗಡಿ ಮುಚ್ಚುತ್ತಾನೆ.

ಹಳೇ ಕಾರುಗಳ ಜಾಹೀರಾತು ಓದುವಾಗೆಲ್ಲ ನನಗೆ ಆ ಅಡಕತ್ತರಿ ನೆನಪಾಗುತ್ತೆ. ನೀವೂ ನೋಡಿರ್ತೀರಿ. ಶನಿವಾರ ರಾತ್ರಿ ನಿದ್ದೆ ಬರದೆ ಫೋನ್ ಮೇಲೆ ಬೆರಳಾಡಿಸುವಾಗ ಸಿಗುವ ಆ ಸಾಲು: ಇಷ್ಟನೇ ಇಸವಿ ಅಂಬಾಸಡರ್, ಫುಲ್ಲಿ ರೀಸ್ಟೋರ್ಡ್, ಆಲ್ ಒರಿಜಿನಲ್, ಶೋರೂಂ ಕಂಡಿಷನ್, ಜೆನ್ಯೂನ್ ನಲವತ್ತು ಸಾವಿರ ಕಿಲೋಮೀಟರ್, ಸೀರಿಯಸ್ ಬಯರ್ಸ್ ಓನ್ಲಿ. ಇದನ್ನು ಒಂದು ಪಠ್ಯ ಅಂದುಕೊಂಡು ಓದಿ ನೋಡಿ, ಒಂದೇ ಉಸಿರಲ್ಲಿ ಎಷ್ಟು ಜಗಳ ಇದೆ ಅಂತ. ಪೂರ್ತಿ ರೀಸ್ಟೋರ್ ಮಾಡಿದ್ದರೆ ಎಲ್ಲ ಒರಿಜಿನಲ್ ಹೇಗಾಗುತ್ತೆ? ಎಲ್ಲ ಒರಿಜಿನಲ್ ಇದ್ದಿದ್ದರೆ ರೀಸ್ಟೋರ್ ಮಾಡಿದ್ದು ಏನನ್ನು? ನಿಜವಾಗಿ ನಲವತ್ತೇ ಸಾವಿರ ಓಡಿದ ಗಾಡಿಯಾದರೆ ಅದಕ್ಕೆ ಪುನರ್ಜನ್ಮ ಯಾಕೆ ಬೇಕಾಯ್ತು? ಸ್ವಂತಿಕೆ, ಸ್ಥಿತಿ, ಓಟ ಎಂಬ ಮೂರು ಅಳತೆಗೋಲುಗಳಿಂದ ಈ ಮಾರುಕಟ್ಟೆ ದರ ಕಟ್ಟುತ್ತೆ. ನನ್ನ ತಕರಾರು ಇಷ್ಟು: ಮೂರನ್ನೂ ಬೇರೆ ಊರಿನ ತಕ್ಕಡಿಯಿಂದ ತಂದಿದ್ದೇವೆ. ನಮ್ಮ ಗಾಡಿಗಳು ಬದುಕಿದ ರೀತಿಗೆ ಅವು ಸರಿಯಾಗಿ ಕೂರೋದಿಲ್ಲ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ನಲ್ಲೂರಲ್ಲಿ ದೊಡ್ಡಪ್ಪನ ಅಡಿಕೆ ಶೆಡ್ಡಿನಲ್ಲಿ 1972ರ ಅಂಬಾಸಡರ್ ಮಾರ್ಕ್-2 ಒಂದು ನಿಂತಿದೆ. ಬೆಂಗಳೂರಿನ ಒಬ್ಬ ಸಂಗ್ರಾಹಕರು ಕೊಳ್ಳೋಕೆ ಬಂದಿದ್ರು. ಮನೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರೋನು, ಕಾರಿನ ಬಗ್ಗೆ ಓದಿಕೊಂಡೋನು ಅಂತ ವ್ಯವಹಾರ ನನ್ನ ಕೊರಳಿಗೆ ಬಿತ್ತು.

ಮೊದಲು ಓಟದ ವಿಚಾರ ಮುಗಿಸಿಬಿಡ್ತೀನಿ, ಅದರಲ್ಲಿ ಹುರುಳು ಕಡಿಮೆ. ಬಂದವರು ಮೀಟರಿಗೆ ಟಾರ್ಚ್ ಹಾಕಿ, ‘ಅರವತ್ತೊಂದು ಸಾವಿರ, ಜೆನ್ಯೂನಾ?’ ಅಂತ ಕೇಳಿದ್ರು. ದೊಡ್ಡಪ್ಪ, ‘ಜೆನ್ಯೂನ್ ಐತೆ. ಕೇಬಲ್ ಕಡಿದು ನಿಂತಿದ್ದೂ ಜೆನ್ಯೂನೇ’ ಅಂದ್ರು. ಆ ಕಾಲದ ಮೀಟರುಗಳಲ್ಲಿ ಐದೇ ಅಂಕಿ. 99,999 ದಾಟಿದ್ರೆ ಗಾಡಿ ಮತ್ತೆ ಹಸುಗೂಸು. ಕೇಬಲ್ ಕಡಿದರೆ ಹಾಕಿಸೋರು ಹತ್ತರಲ್ಲಿ ಇಬ್ಬರು, ಯಾಕಂದ್ರೆ ಗಾಡಿ ಓಡೋಕೆ ಅದು ಬೇಕಿರಲಿಲ್ಲ. ಸರ್ವಿಸ್ ಪುಸ್ತಕ, ರಸೀದಿ ಇಟ್ಟುಕೊಂಡ ಮನೆಗಳು ಇವೆ, ಇಲ್ಲ ಅಂತಲ್ಲ. ಆದರೆ ಕಾಗದದ ಬೆಂಬಲ ಇಲ್ಲದ ಕಿಲೋಮೀಟರ್ ಅನ್ನೋದು ಮದುವೆ ಮನೆಯಲ್ಲಿ ಹೇಳುವ ವಯಸ್ಸಿನ ಹಾಗೆ. ಕೇಳಿಸಿಕೊಂಡು ನಗಬೇಕು.

ಇನ್ನೊಂದು, ಓಟ ಕಡಿಮೆ ಅಂದ ಮಾತ್ರಕ್ಕೆ ಗಾಡಿ ಚೆನ್ನಾಗಿದೆ ಅಂತಲೂ ಅಲ್ಲ. ಅಮೆರಿಕದ ನೆಬ್ರಾಸ್ಕಾದ ಪಿಯರ್ಸ್ ಅನ್ನೋ ಸಣ್ಣ ಊರಲ್ಲಿ ಲ್ಯಾಂಬ್ರೆಕ್ಟ್ ಅಂತ ಒಬ್ಬ ಷೆವರ್ಲೆ ಡೀಲರ್ ಇದ್ದ. ಮಾರಾಟವಾಗದೆ ಉಳಿದ ಹೊಸ ಗಾಡಿಗಳನ್ನು ಹಾಗೇ ಇಟ್ಟುಕೊಂಡು ಬಂದ. 2013ರ ಸೆಪ್ಟೆಂಬರಿನಲ್ಲಿ ಸುಮಾರು ಐನೂರು ಗಾಡಿ ಹರಾಜಾದವು. ಬರೀ 1.3 ಮೈಲಿ ಓಡಿದ್ದ 1958ರ ಕ್ಯಾಮಿಯೊ ಪಿಕಪ್ 1,40,000 ಡಾಲರಿಗೆ ಹೋಯ್ತು. ಎಲ್ಲ ಪತ್ರಿಕೆಗಳಲ್ಲೂ ಬಂದದ್ದು ಅದೇ. ಬಯಲಲ್ಲಿ ಮಳೆ ಹಿಮ ತಿಂದು, ಒಳಗಿಂದ ಮರ ಎದ್ದು ನಿಂತ ಗಾಡಿಗಳೂ ಅಲ್ಲಿದ್ದವು. ಅವಕ್ಕೆ ಓಟ ಕಡಿಮೆ ಅನ್ನೋದು ಏನೂ ಸಹಾಯ ಮಾಡಲಿಲ್ಲ. ನಿಂತ ಗಾಡಿಯಲ್ಲಿ ಬ್ರೇಕಿನ ಸಿಲಿಂಡರ್ ಕಚ್ಚಿಕೊಳ್ಳುತ್ತೆ, ಪೆಟ್ರೋಲ್ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತೆ, ಸೀಲುಗಳು ಒಣಗಿ ಬಿರಿಯುತ್ತವೆ, ವೈರುಗಳನ್ನು ಇಲಿ ತಿನ್ನುತ್ತೆ. ದೊಡ್ಡಪ್ಪ ಹದಿನೈದು ದಿನಕ್ಕೊಮ್ಮೆ ಶಾಂತಿಸಾಗರದವರೆಗೆ ಹೋಗಿ ಬರ್ತಾರೆ. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ಮಲಗಿರೋ ಎಷ್ಟೋ ಕಾರುಗಳಿಗಿಂತ ಈ ಗಾಡಿ ಆರೋಗ್ಯವಾಗಿದೆ. ಆ ಓಟಕ್ಕೆ ಮಾರುಕಟ್ಟೆ ಒಂದು ರೂಪಾಯಿ ಹೆಚ್ಚಿಗೆ ಕೊಡೋದಿಲ್ಲ.

ಇನ್ನು ಸ್ಥಿತಿ. ಜಾಹೀರಾತಿನ ಭಾಷೆಯಲ್ಲಿ ಸ್ಥಿತಿ ಅಂದ್ರೆ ಬಣ್ಣ. ಫೋಟೋದಲ್ಲಿ ಕಾಣೋದು ಅದೇ ತಾನೇ. ಅಂಬಾಸಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ, ಬಂಗಾಳದ ಉತ್ತರಪಾಡಾದಲ್ಲಿ ನಮ್ಮದಾಗಿದ್ದು. ಅದಕ್ಕೆ ಜೀಪಿನ ಥರ ಬೇರೆ ಚಾಸಿ ಇಲ್ಲ. ಮೈಯೇ ಚಾಸಿ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ತಿಂದಿದ್ದರೆ ಅದು ಚರ್ಮರೋಗ ಅಲ್ಲ, ಮೂಳೆಯ ರೋಗ. ಮೇಲೆ ಪುಟ್ಟಿ ಮೆತ್ತಿ, ಕೆನೆಬಣ್ಣ ಹೊಡೆದು, ಕ್ರೋಮ್ ಹೊಳೆಸಿ ನಿಲ್ಲಿಸಿದರೆ ಫೋಟೋದಲ್ಲಿ ಮದುಮಗ. ಕಡಲ ತೀರದಲ್ಲಿ ಬಾಳಿದ ಗಾಡಿಗೂ ದಾವಣಗೆರೆಯ ಒಣಗಾಳಿಯಲ್ಲಿ ಬಾಳಿದ ಗಾಡಿಗೂ ಈ ಒಂದು ವಿಷಯದಲ್ಲಿ ಅಜಗಜಾಂತರ. ಅದನ್ನು ಬಣ್ಣ ಹೇಳೋದಿಲ್ಲ. ಫ್ರಿಜ್ಜಿಗೆ ಅಂಟಿಸಿರೋ ಆಯಸ್ಕಾಂತ ಒಂದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. ತಗಡಿಗೆ ಅಂಟುತ್ತೆ, ಪುಟ್ಟಿಗೆ ಅಂಟೋದಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಈಗ ಆನ್‌ಲೈನಿನಲ್ಲೇ ಸಿಗುತ್ತೆ. ಗಾಡಿಯ ಎಲ್ಲ ಕಡೆ ಒಂದೇ ತೆಳು ಅಂಕಿ ಬಂದರೆ ನೆಮ್ಮದಿ. ಒಂದು ಬಾಗಿಲಲ್ಲಿ ಮಾತ್ರ ನಾಲ್ಕು ಪಟ್ಟು ಬಂದರೆ ಆ ಬಾಗಿಲಿಗೊಂದು ಕಥೆ ಇದೆ ಅಂತ ಅರ್ಥ. ಇದೇ ನಮ್ಮ ಅಡಕತ್ತರಿ.

ನನ್ನ ಗೆಳೆಯನೊಬ್ಬ ತನ್ನ ತಂದೆಯ ಪದ್ಮಿನಿಯನ್ನು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದ. ಹೆಸರು ಬೇಡ. ಹದಿನಾಲ್ಕು ತಿಂಗಳಾದ ಮೇಲೆ ಗಾಡಿ ಬಂತು. ಕಣ್ಣು ಕೋರೈಸೋ ಹಾಗಿತ್ತು. ಹಳೇ ಸ್ಟೀರಿಂಗ್ ಚಕ್ರ ಎಲ್ಲಿ, ಕಂಪನಿಯ ಮುದ್ರೆ ಇದ್ದ ಗಾಜುಗಳೆಲ್ಲಿ, ಲೂಕಾಸ್ ಟಿವಿಎಸ್ ಅಂತ ಬರೆದಿದ್ದ ಡೈನಮೊ ಎಲ್ಲಿ ಅಂತ ಕೇಳಿದ್ದಕ್ಕೆ, ‘ಹಳೇದಾಗಿತ್ತು ಸಾರ್, ಬಿಸಾಕಿದ್ವಿ’ ಅಂದ್ರಂತೆ. ಹಳೇ ಕಾರು ರಿಪೇರಿ ಮಾಡೋರು ಹಳೇದಾಗಿತ್ತು ಅಂತ ಬಿಸಾಕೋದು! ಬಿಸಾಕಿದ್ದು ಕೂಡ ನಿಜವಿರಲಿಕ್ಕಿಲ್ಲ. ಅಂಥ ಸಾಮಾನು ಶಿವಾಜಿನಗರದ ಗುಜರಿಯಿಂದ ಇನ್ನೊಬ್ಬರ ‘ಆಲ್ ಒರಿಜಿನಲ್’ ಕಾರಿಗೆ ಸೇರಿರುತ್ತೆ. ಮಾರೋಕೆ ಹೋದಾಗ ತಿಳಿದವರೆಲ್ಲ ಮೊದಲು ಕೇಳಿದ್ದು ಆ ಬಿಸಾಕಿದ ಸಾಮಾನುಗಳನ್ನೇ.

ಇಲ್ಲಿಗೆ ಸ್ವಂತಿಕೆಯ ಪ್ರಶ್ನೆ ಬಂತು. ನಿಜವಾದ ಜಗಳ ಇರೋದು ಇಲ್ಲೇ.

ಪಶ್ಚಿಮದಲ್ಲಿ ‘ಮ್ಯಾಚಿಂಗ್ ನಂಬರ್ಸ್’ ಅನ್ನೋ ಮಾತಿದೆ. ಕಾರ್ಖಾನೆಯಿಂದ ಬಂದಾಗ ಇದ್ದ ಎಂಜಿನ್, ಇದ್ದ ಮೈ, ಎರಡರ ನಂಬರೂ ದಾಖಲೆಗೆ ಹೊಂದಬೇಕು. ಹೊಂದಿದರೆ ಬೆಲೆ ಎಲ್ಲಿಗೋ ಹೋಗುತ್ತೆ. ಅಲ್ಲಿ ಇತ್ತೀಚೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಅನ್ನೋದು ಹಳೇ ಕಾರುಗಳ ದಸರಾ ಇದ್ದ ಹಾಗೆ. ಅಲ್ಲಿ ದಶಕಗಳ ಕಾಲ ಮಿರಮಿರ ಮಿಂಚುವ, ತಿರುಪು ತಿರುಪೂ ಹೊಸದಾದ ಕಾರುಗಳೇ ಮೊದಲ ಬಹುಮಾನ ಹೊಡೆದವು. 2024ರಲ್ಲಿ ಗೆದ್ದಿದ್ದು 1934ರ ಬುಗಾಟಿ ಟೈಪ್ 59. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೇ ಲಿಯೊಪೋಲ್ಡನ ಬಳಿ ಇದ್ದದ್ದು. ಬಣ್ಣ ಕಿತ್ತುಹೋಗಿದೆ, ಗೀರುಗಳಿವೆ, ಹಾಗೆಯೇ ಬಿಟ್ಟಿದ್ದಾರೆ. ರೀಸ್ಟೋರ್ ಮಾಡದೆ ಉಳಿಸಿಕೊಂಡ ಕಾರೊಂದು ಅಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಕಾರನ್ನು ಎಷ್ಟು ಸಲ ಬೇಕಾದರೂ ಹೊಸದು ಮಾಡಬಹುದು, ಒರಿಜಿನಲ್ ಆಗಿರೋದು ಒಂದೇ ಸಲ ಅಂತ ಅವರಿಗೆ ಅರ್ಥವಾಗೋಕೆ ಇಷ್ಟು ವರ್ಷ ಹಿಡೀತು.

ನಮ್ಮಲ್ಲಿ ಆ ಗಾಳಿ ಇನ್ನೂ ಬೀಸಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂಗೆ ಹೋಗಿ ಬನ್ನಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳು ಅಲ್ಲಿವೆ. ನೋಡೋಕೆ ಹಬ್ಬ. ಅಷ್ಟನ್ನು ಉಳಿಸಿದ್ದೇ ದೊಡ್ಡದು ಅಂತ ಒಪ್ಪುತ್ತಲೇ ನನ್ನದೊಂದು ಗೊಣಗಾಟ: ಎಲ್ಲವೂ ನಿನ್ನೆ ತಾನೇ ಕಾರ್ಖಾನೆಯಿಂದ ಬಂದ ಹಾಗೆ ಹೊಳೆಯೋವಾಗ, ಇವು ಯಾವ ರಸ್ತೆಯಲ್ಲಿ ಓಡಿದವು ಅಂತ ಕೇಳೋಣ ಅನ್ನಿಸುತ್ತೆ. ದೇಶದ ಮೊದಲ ಮಾರುತಿ 800 ಕಥೆಯೂ ಹೀಗೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಅದರ ಕೀ ಕೊಟ್ಟಿದ್ದು ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ. 2010ರಲ್ಲಿ ತೀರಿಕೊಳ್ಳೋವರೆಗೂ ಅವರು ಅದನ್ನು ಮಾರಲಿಲ್ಲ. ಆಮೇಲೆ ಮನೆ ಮುಂದೆ ತುಕ್ಕು ಹಿಡೀತಾ ನಿಂತಿತ್ತು. ಕೊನೆಗೆ ಕಂಪನಿಯೇ ಸರಿಮಾಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿದೆ. ಬಿಳಿ ಬಣ್ಣ ಫಳಫಳ ಅನ್ನುತ್ತೆ. ಒಬ್ಬ ಮನುಷ್ಯ ಕಾಲು ಶತಮಾನಕ್ಕೂ ಹೆಚ್ಚು ಕಾಲ ಒಂದೇ ಕಾರು ಇಟ್ಟುಕೊಂಡಿದ್ದ ಗುರುತು ಅದರಲ್ಲಿ ಎಷ್ಟು ಉಳಿದಿದೆಯೋ.

ನಮ್ಮದೇ ಮೈಸೂರಿನ ಜಾವಾ ಎಜ್ಡಿಗಳನ್ನು ನೋಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡ್ತು. ಬಾಗಿಲು ಹಾಕಿ ಇಷ್ಟು ವರ್ಷವಾದರೂ ಬಿಡಿಭಾಗಕ್ಕೆ ಬರ ಇಲ್ಲ, ಹೊಸದಾಗಿ ಅಚ್ಚು ಹಾಕಿ ಮಾಡ್ತಾರೆ. ಟ್ಯಾಂಕು, ಮಡ್‌ಗಾರ್ಡು, ಲಾಂಛನ ಎಲ್ಲ ಸಿಗುತ್ತೆ. ಒಂದು ನಂಬರ್ ಪ್ಲೇಟು, ಒಂದು ಆರ್‌ಸಿ ಇದ್ದರೆ ಉಳಿದದ್ದನ್ನು ಸುತ್ತ ಕಟ್ಟಬಹುದು. ಹಾಗೆ ಕಟ್ಟಿದ ಗಾಡಿ ಓಡಿಸೋಕೆ ಮಜಾ, ನಾನೂ ಓಡಿಸಿದ್ದೀನಿ. ಆದರೆ ಬಂಗಾರದ ಗೆರೆ ಮಾಸಿದ ಹಳೇ ಟ್ಯಾಂಕು, ಜಿಕೋವ್ ಕಾರ್ಬ್ಯುರೇಟರ್ ಉಳಿಸಿಕೊಂಡ ಗಾಡಿಯ ಪಕ್ಕ ಅದನ್ನು ನಿಲ್ಲಿಸಿ ಒಂದೇ ದರ ಹೇಳೋದು ರಾಶಿ ಅಡಿಕೆ, ಗೊರಬಲು ಎರಡನ್ನೂ ಒಂದೇ ಚೀಲಕ್ಕೆ ಸುರಿದ ಹಾಗೆ.

ಈಗ ನಮ್ಮ ಶೆಡ್ಡಿಗೆ ಬನ್ನಿ. ದೊಡ್ಡಪ್ಪನ ಕಾರಿನ ನಂಬರ್ ಮೈಸೂರು ರಾಜ್ಯದ ಕಾಲದ್ದು, ‘ಎಂವೈ’ಯಿಂದ ಶುರುವಾಗುತ್ತೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ ಒಂದಕ್ಕೆ. ಗಾಡಿ ಅದಕ್ಕಿಂತ ಒಂದು ವರ್ಷ ಹಿರಿದು. ಆಗ ಚನ್ನಗಿರಿ ತಾಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು, ನೋಂದಣಿಯೂ ಅಲ್ಲೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯ್ತು, ಹೊಸ ಗಾಡಿಗಳಿಗೆಲ್ಲ ಕೆಎ-17 ಬಂತು. ಈ ಪ್ಲೇಟು ಮಾತ್ರ ಹಾಗೇ ಇದೆ. ಬಂದವರು ಮೀಟರಿಗೂ ಬಣ್ಣಕ್ಕೂ ಮೂಗು ಮುರಿದರೂ ಈ ಪ್ಲೇಟಿನ ಫೋಟೋ ನಾಲ್ಕು ಸಲ ತೆಗೆದುಕೊಂಡ್ರು. ನಮ್ಮ ದೇಶದ ಸ್ವಂತಿಕೆ ಏನಾದರೂ ಇದ್ದರೆ ಅದು ಈ ಕಾಗದದಲ್ಲೇ. ಮೊದಲ ಮಾಲೀಕನ ಹೆಸರು, ಮುರಿಯದ ನೋಂದಣಿ, ಕಟ್ಟಿದ ತೆರಿಗೆ. ಇವಿಲ್ಲದ ಚಂದದ ಕಾರು ಮನೆಯೊಳಗಿನ ಅಲಂಕಾರದ ಸಾಮಾನು.

ತೊಂದರೆ ಇರೋದು ಬಾನೆಟ್ ಒಳಗೆ. ಎಂಬತ್ತರ ದಶಕದಲ್ಲಿ ಪೆಟ್ರೋಲ್ ಖರ್ಚು ತಡೆಯದೆ ಅಜ್ಜ ಡೀಸೆಲ್ ಎಂಜಿನ್ ಕೂರಿಸಿದ್ರು. ಆ ಕಾಲಕ್ಕೆ ಊರೂರಲ್ಲೂ ಮಾಡ್ತಿದ್ದ ಕೆಲಸ. ಆರ್‌ಟಿಓದಲ್ಲಿ ಬರೆಸಿ, ಸೀಲು ಹಾಕಿಸಿ, ಎಲ್ಲ ಕ್ರಮಬದ್ಧ. ಆಮೇಲೆ ಹಿಂದಿನ ಸೀಟು ತೆಗೆದು ಅಡಿಕೆ ಚೀಲ ಹಾಕಿದ್ರು. ನೆಲದ ತಗಡಿನಲ್ಲಿ ಚೊಗರಿನ ಕಲೆ ಇವತ್ತಿಗೂ ಇದೆ. ಅದೇ ಡೀಸೆಲ್ ಗಾಡಿಯಲ್ಲಿ ಊರಿನ ಎಷ್ಟು ಜನ ಬಸುರಿಯರು ರಾತ್ರೋರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದರೋ ಲೆಕ್ಕ ಇಟ್ಟವರಿಲ್ಲ. ನಾನು ಹುಟ್ಟಿದ್ದೂ ಆ ಪ್ರಯಾಣದ ಕೊನೆಗೇ.

ಬಿಚ್ಚಿದ ಪೆಟ್ರೋಲ್ ಎಂಜಿನ್ ಎಲ್ಲಿ ಅಂತೀರಾ? ಶೆಡ್ಡಿನ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಗ್ರೀಸ್ ಮೆತ್ತಿಕೊಂಡು ಕೂತಿದೆ. ಅದೇ ನಂಬರ್. ಬಂದವರ ಕಣ್ಣು ಅರಳಿದ್ದು ಆವಾಗ. ಎರಡು ದರ ಹೇಳಿದ್ರು. ಇದ್ದ ಹಾಗೇ ಕೊಟ್ಟರೆ ಒಂದೂವರೆ ಲಕ್ಷ. ಹಳೇ ಎಂಜಿನ್ ಕೂರಿಸಿ, ಸೀಟು ಮಾಡಿಸಿ, ಮೈಗೆ ಬಣ್ಣ ಹೊಡೆಸಿ ಕೊಟ್ಟರೆ ನಾಲ್ಕು. ದೊಡ್ಡಪ್ಪನ ಮಕ್ಕಳು ಎರಡೂವರೆ ಲಕ್ಷ ಲಾಭ ಅಂತ ಲೆಕ್ಕ ಹಾಕಿದ್ರು. ನಾನು ದಾವಣಗೆರೆಯಲ್ಲಿ ಒಬ್ಬರು ಮೇಸ್ತ್ರಿಯನ್ನು ಕೇಳಿದೆ. ಎಂಜಿನ್ ಬೋರ್, ಪಿಸ್ಟನ್, ತಗಡಿನ ಕೆಲಸ, ಬಣ್ಣ, ಸೀಟು, ಕ್ರೋಮ್ ಎಲ್ಲ ಸೇರಿ ಮೂರೂಕಾಲು ಲಕ್ಷ ಅಂದ್ರು. ಅಂದ್ರೆ ನಾಲ್ಕರಲ್ಲಿ ಕೈಗೆ ಉಳಿಯೋದು ಎಪ್ಪತ್ತೈದು ಸಾವಿರ. ಮುಟ್ಟದೆ ಮಾರಿದ್ರೆ ಅದರ ಎರಡರಷ್ಟು. ಹಳೇ ಕಾರು ಕೊಂಡು, ರೀಸ್ಟೋರ್ ಮಾಡಿಸಿ, ಮಾರಿ ಲಾಭ ಮಾಡ್ತೀನಿ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯೋ ಸ್ನೇಹಿತರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. ಅಪರೂಪದ ಕಾರಾದರೆ ಬೇರೆ ಮಾತು. ಅಂಬಾಸಡರ್ 2014ರವರೆಗೂ ಬಂತು. ಅಪರೂಪ ಅಲ್ಲ.

ಕಾನೂನು ಕೂಡ ಈ ಗೊಂದಲಕ್ಕೆ ತನ್ನ ಪಾಲು ಹಾಕಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ವಾಹನ ಅಂದ್ರೆ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸೋಕೆ ಇಪ್ಪತ್ತು ಸಾವಿರ, ಹತ್ತು ವರ್ಷಕ್ಕೆ ಒಂದು ಸಲ ಮರುನೋಂದಣಿಗೆ ಐದು ಸಾವಿರ. ದಿನಬಳಕೆಗೆ ಓಡಿಸೋ ಹಾಗಿಲ್ಲ. ನಿಯಮ ಬರೆದವರ ಉದ್ದೇಶ ಒಳ್ಳೇದೇ. ಆದರೆ ಅವರ ಕಣ್ಣಲ್ಲಿದ್ದದ್ದು ಅರಮನೆಯ ಗ್ಯಾರೇಜಿನ ಕಾರು. ಅರಮನೆಯಲ್ಲಿ ಮಾತ್ರ ಗಾಡಿ ಬದಲಾಗದೆ ಐವತ್ತು ವರ್ಷ ಇರೋಕಾಗುತ್ತೆ. ರೈತನ ಮನೆಯ ಕಾರು ಬದಲಾಗಿದ್ದಕ್ಕೇ ಉಳೀತು. ಡೀಸೆಲ್ ಎಂಜಿನ್ ಕೂರಿಸದೆ ಇದ್ದಿದ್ದರೆ ಈ ಅಂಬಾಸಡರ್ ಯಾವತ್ತೋ ಗುಜರಿಯಲ್ಲಿ ತೂಕಕ್ಕೆ ಹೋಗಿರ್ತಿತ್ತು. ಉಳಿಸಿದ ಬದಲಾವಣೆಯನ್ನೇ ದೋಷ ಅಂತ ಎಣಿಸೋ ಅಳತೆಗೋಲು ನನಗಂತೂ ಒಪ್ಪಿಗೆ ಇಲ್ಲ. ನೋಂದಣಿಯಲ್ಲಿ ದಾಖಲಾದ, ಅದರ ಕಾಲದಲ್ಲೇ ಆದ ಬದಲಾವಣೆಯನ್ನು ಸ್ವಂತಿಕೆಯ ಭಾಗ ಅಂತ ಲೆಕ್ಕಕ್ಕೆ ಹಿಡಿಯಬೇಕು. ಹೋದ ವರ್ಷ ಮಾರೋಕೆ ಅಂತ ಹೊಡೆಸಿದ ಬಣ್ಣವನ್ನು ಬೇಕಾದರೆ ದೋಷ ಅನ್ನಿ.

ಬಂದವರು ಕೆಟ್ಟವರಲ್ಲ. ಅವರಿಗೂ ಇದನ್ನೇ ಹೇಳಿದೆ. ‘ನೀವು ಹೇಳೋದು ಸರಿ, ಆದರೆ ನಾಳೆ ನಾನು ಮಾರೋವಾಗ ಚೊಗರಿನ ಕಲೆಗೆ ಯಾರು ದುಡ್ಡು ಕೊಡ್ತಾರೆ?’ ಅಂದ್ರು. ಪ್ರಾಮಾಣಿಕ ಪ್ರಶ್ನೆ. ಉತ್ತರ ಇವತ್ತಿಗೆ ಯಾರೂ ಅಲ್ಲ. ಕೊಳ್ಳೋರು ನಮ್ಮಂಥವರೇ ತಾನೇ, ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತು ಭಾನುವಾರ ಕಬ್ಬನ್ ಪಾರ್ಕಿನ ಹತ್ತಿರ ಹಳೇ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋರು. ಫೋಟೋಗೆ ಹೊಳಪು ಬೇಕು. ನಮ್ಮ ಊರಿನ ಧೂಳು, ಕಲೆ, ಡೊಂಕು ಇನ್‌ಸ್ಟಾಗ್ರಾಮಿನಲ್ಲಿ ಬಡತನದ ಥರ ಕಾಣುತ್ತೆ ಅನ್ನೋ ಅಳುಕು ನಮಗಿದೆ. ನಾನೂ ಅದರಿಂದ ಹೊರತಲ್ಲ. ಕಾಲೇಜಿಗೆ ಹೋಗೋವಾಗ ಈ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ ಅಂದ್ರೆ ಬೇಡ, ನಡ್ಕೊಂಡು ಹೋಗ್ತೀನಿ ಅಂದಿದ್ದೀನಿ.

ದೊಡ್ಡಪ್ಪ ಯೋಚನೆ ಮಾಡಿ ಮೂರನೇ ದಾರಿ ಹೇಳಿದ್ದಾರೆ. ಒಂದೂವರೆಗೆ ಕೊಡೋಕೆ ತಯಾರು, ಎರಡೂ ಎಂಜಿನ್ ಸೇರಿಸಿ ಕೊಡ್ತಾರೆ, ಪೆಟ್ರೋಲಿನದು ಬೇಕಾದರೆ ಕೂರಿಸಿಕೊಳ್ಳಲಿ. ಆದರೆ ಐದು ವರ್ಷ ಹೊರಗಿನ ಬಣ್ಣ ಮುಟ್ಟಬಾರದು, ನೆಲದ ತಗಡು ಉಜ್ಜಬಾರದು. ಬರೆದು ಕೊಡಬೇಕು. ಬೆಂಗಳೂರಿನವರು ಯೋಚನೆ ಮಾಡಿ ಹೇಳ್ತೀನಿ ಅಂದವರು ಇನ್ನೂ ಫೋನ್ ಮಾಡಿಲ್ಲ. ಬರೋ ಮಾರ್ಚಿಗೆ ನೋಂದಣಿ ಅವಧಿ ಮುಗಿಯುತ್ತೆ. 2025ರ ಆಗಸ್ಟಿನ ತಿದ್ದುಪಡಿ ಆದ ಮೇಲೆ ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣಕ್ಕೆ ಹತ್ತು ಸಾವಿರ. ಅದನ್ನು ಯಾರು ಕಟ್ಟೋದು ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಹೋದ ವಾರ ಊರಿಗೆ ಹೋದಾಗ ದೊಡ್ಡಪ್ಪ ನನ್ನ ಕಡೆ ನೋಡಿ, ‘ನಿಂಗೆ ಬೆಂಗಳೂರಲ್ಲಿ ಪಾರ್ಕಿಂಗ್ ಎಷ್ಟೈತೆ?’ ಅಂತ ಕೇಳಿದ್ರು. ಒಂದೇ ಇದೆ ಅಂದೆ.